ಹೊಳೆಯ ಆ ದಂಡೆ, ಈ ದಂಡೆ: ಸರ್ಕಾರದ ನೀತಿಗೂ ಒಂದು ಇತಿಹಾಸ ಇದೆ

(ಪಾಡ್‌ಕಾಸ್ಟ್‌ನ ಈ ವಾರದ ಸಂಚಿಕೆಯ ಬರಹರೂಪ. ಓದಿಗೆ ಅನುಕೂಲವಾಗಲೆಂದು ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಲಾಗಿದೆ.)

ಈ ಸಲ ನಾನು ಸ್ಟುಡಿಯೊದಲ್ಲಿ ಇಲ್ಲ. ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯಲ್ಲಿ ತುಂಗಭದ್ರಾ ಹೊಳೆಯ ದಂಡೆ ಮೇಲೆ ಕೂತು ಮಾತಾಡ್ತಿದ್ದೀನಿ. ಹಿಂದಿನಿಂದ ಕೇಳಿಸ್ತಿರೋ ಗಂಟೆ ಸದ್ದು ಕರಿಬಸವೇಶ್ವರ ಅಜ್ಜಯ್ಯನ ಗುಡಿಯದ್ದು. ನಿನ್ನೆ ಅಮಾವಾಸ್ಯೆ ಇತ್ತು. ಬಂದ ಜನ ಇನ್ನೂ ಪೂರ್ತಿ ಕರಗಿಲ್ಲ.

ಇಲ್ಲಿಗೆ ಬರೋಕೆ ಕಾರಣ ಒಂದು ವಾಯ್ಸ್ ಮೆಸೇಜ್. ಇದೇ ತಾಲ್ಲೂಕಿನ ಒಬ್ಬ ರೈತರು ಕಳಿಸಿದ್ದು. ಅವರ ಮಾತನ್ನೇ ಹೇಳಿಬಿಡ್ತೀನಿ: "ಮೇಡಂ, ನನ್ನ ಮಗಳು ಬಿ.ಎ. ಮುಗಿಸ್ಯಾಳ. ಈಗ ಎಂ.ಎ. ಮಾಡ್ತೀನಿ, ರಾಜಕೀಯದ ಇತಿಹಾಸ, ಸರ್ಕಾರದ ನೀತಿಗಳ ಇತಿಹಾಸ ಓದ್ತೀನಿ ಅಂತಾಳ. ರಾಜಕೀಯ ನಾವು ದಿನಾ ಪೇಪರ್‌ನ್ಯಾಗ ಓದ್ತೀವಿ. ಅದನ್ನ ಎರಡು ವರ್ಷ ರೊಕ್ಕ ಕಟ್ಟಿ ಓದೋದು ಏನೈತ್ರಿ?"

ಯಜಮಾನ್ರೆ, ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ. ನಾನು ಎಂ.ಎ.ಗೆ ಸೇರುವಾಗ ನಮ್ಮ ಮನೆಯಲ್ಲೂ ಇದನ್ನೇ ಕೇಳಿದ್ದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಒಂದಿಷ್ಟು ಇದೆ. ನೀವು ದಿನಾ ನೋಡುವ ಈ ಹೊಳೆಯಿಂದಲೇ ಶುರು ಮಾಡ್ತೀನಿ.

ಹೊಳೆ ದಾಟಿದರೆ ಬೇರೆ ಕಾನೂನು

ನಾನು ಕೂತಿರೋ ದಂಡೆ ದಾವಣಗೆರೆ ಜಿಲ್ಲೆ. ಎದುರಿನ ದಂಡೆ ಹಾವೇರಿ ಜಿಲ್ಲೆ, ರಾಣೆಬೆನ್ನೂರು ತಾಲ್ಲೂಕು. ಈ ಎರಡೂ ಜಿಲ್ಲೆಗಳು ಹುಟ್ಟಿದ್ದು 1997ರಲ್ಲಿ. ಅದಕ್ಕೆ ಮೊದಲು ಈ ಕಡೆ ಚಿತ್ರದುರ್ಗ, ಆ ಕಡೆ ಧಾರವಾಡ. ಇಷ್ಟು ಎಲ್ಲರಿಗೂ ಗೊತ್ತು. ಇನ್ನೂ ಹಿಂದಕ್ಕೆ ಹೋದರೆ, 1956ರ ನವೆಂಬರ್ 1ಕ್ಕೆ ಮೊದಲು, ಇದು ಎರಡು ಜಿಲ್ಲೆಗಳ ಗಡಿ ಅಷ್ಟೇ ಆಗಿರಲಿಲ್ಲ. ಈ ದಂಡೆ ಮೈಸೂರು ರಾಜ್ಯ, ಆ ದಂಡೆ ಮುಂಬೈ ರಾಜ್ಯ. ಹರಿಹರದ ಹತ್ತಿರ ಹೊಳೆಗೆ ಕಲ್ಲಿನ ಸೇತುವೆ 1868ರಲ್ಲೇ ಆಗಿತ್ತು. ಜನ, ಗಾಡಿ, ದನ ಎಲ್ಲ ದಾಟುತ್ತಿದ್ದವು. ಮದುವೆ ಸಂಬಂಧಗಳು ದಾಟುತ್ತಿದ್ದವು. ಕಾನೂನು ಮಾತ್ರ ದಾಟುತ್ತಿರಲಿಲ್ಲ.

ಗೇಣಿಯ ವಿಷಯವನ್ನೇ ತಗೊಳ್ಳಿ. ಆ ದಂಡೆಯಲ್ಲಿ ಇನ್ನೊಬ್ಬರ ಹೊಲ ಮಾಡುತ್ತಿದ್ದ ರೈತನಿಗೆ ಅನ್ವಯಿಸುತ್ತಿದ್ದದ್ದು ಮುಂಬೈ ಸರ್ಕಾರದ 1948ರ ಗೇಣಿ ಕಾಯ್ದೆ. ಈ ದಂಡೆಯ ರೈತನಿಗೆ ಅಂಥದ್ದೊಂದು ಬಂದದ್ದು ನಾಲ್ಕು ವರ್ಷ ತಡವಾಗಿ, 1952ರ ಮೈಸೂರು ಗೇಣಿ ಕಾಯ್ದೆಯಾಗಿ. ಅದಕ್ಕೆ ಒಂದು ವರ್ಷ ಮೊದಲು, 1951ರಲ್ಲಿ, ಪಕ್ಕದ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿ ಜೈಲಿಗೆ ಹೋಗಿದ್ದರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಗೆದ್ದು ಬಂದರು.

ಈಗ ನೋಡಿ, ಇಲ್ಲಿ ಎರಡು ಬಗೆಯ ಪ್ರಶ್ನೆ ಹುಟ್ಟುತ್ತವೆ. ಕಾಗೋಡಿನ ಹೋರಾಟವನ್ನು ಯಾರು ಕಟ್ಟಿದರು, ಯಾರು ವಿರೋಧಿಸಿದರು, ಅದರಿಂದ ಯಾರಿಗೆ ಅಧಿಕಾರ ಬಂತು ಅಂತ ಕೇಳಿದರೆ ಅದು ರಾಜಕೀಯ ಇತಿಹಾಸ. ಗೇಣಿ ಕಾಯ್ದೆ ಯಾವಾಗ ಬಂತು, ಅದರಲ್ಲಿ ಏನು ಬರೆದಿದ್ದರು, ಏನನ್ನು ಬಿಟ್ಟರು, ಅದು ಬೆಂಗಳೂರಿನಿಂದ ಹೊರಟು ಹೊಲದ ಬದುವಿನ ತನಕ ಬಂತೋ ಇಲ್ಲವೋ ಅಂತ ಕೇಳಿದರೆ ಅದು ನೀತಿಯ ಇತಿಹಾಸ. ಒಂದನ್ನು ಬಿಟ್ಟು ಇನ್ನೊಂದು ಅರ್ಥ ಆಗಲ್ಲ. ಪೇಪರ್‌ನಲ್ಲಿ ನಾವು ಓದೋದು ಬಹುಪಾಲು ಮೊದಲನೆಯದರ ಇವತ್ತಿನ ಕಂತು. ಎರಡನೆಯದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳಲ್ಲ.

1961ರಲ್ಲಿ ಬಂದ ಕಾಯ್ದೆ, 1974ರಲ್ಲಿ ಬದಲಾದ ಕಾಯ್ದೆ

1956ರಲ್ಲಿ ರಾಜ್ಯ ಒಂದಾಯಿತು. ಮುಂಬೈ, ಹೈದರಾಬಾದ್, ಮದ್ರಾಸ್ ರಾಜ್ಯಗಳ ಕನ್ನಡ ಪ್ರದೇಶಗಳು, ಕೊಡಗು, ಹಳೆ ಮೈಸೂರು ಎಲ್ಲ ಸೇರಿದವು. ನಾವು ಶಾಲೆಯಲ್ಲಿ ಓದಿದ್ದು ಇಲ್ಲಿಗೆ ಮುಗಿಯುತ್ತದೆ. ಹೊಸ ಸರ್ಕಾರದ ಮೇಜಿನ ಮೇಲೆ ಆಗ ಇದ್ದದ್ದು ಒಂದೊಂದು ಕಡೆಗೆ ಒಂದೊಂದು ಗೇಣಿ ಕಾನೂನು. ಅವನ್ನೆಲ್ಲ ಒಂದು ಮಾಡೋಕೆ 1957ರಲ್ಲಿ ಬಿ.ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಅವರೇ ಮುಂದೆ ಮುಖ್ಯಮಂತ್ರಿಯೂ ಆದರು. ಆ ಸಮಿತಿಯ ಕೆಲಸದಿಂದ ಹುಟ್ಟಿದ್ದು 1961ರ ಭೂ ಸುಧಾರಣಾ ಕಾಯ್ದೆ. ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ರಾಜ್ಯ ಒಂದಾಗಿ ಹತ್ತಿರ ಹತ್ತಿರ ಒಂಬತ್ತು ವರ್ಷದ ಮೇಲೆ.

ಆ ಕಾಯ್ದೆಯಲ್ಲಿ ಒಂದು ಕಿಂಡಿ ಇತ್ತು. ಸ್ವಂತ ಸಾಗುವಳಿ ಮಾಡ್ತೀನಿ ಅಂತ ಹೇಳಿ ಜಮೀನುದಾರ ಗೇಣಿದಾರನಿಂದ ಹೊಲ ವಾಪಸ್ ತಗೊಳ್ಳೋಕೆ ಅವಕಾಶ ಇತ್ತು. ಕಾನೂನು ಗೇಣಿದಾರನ ಪರವಾಗಿದೆ ಅಂತ ಮುನ್ನುಡಿಯಲ್ಲಿ ಓದ್ತೀರಿ, ಒಳಗಿನ ಕಲಮುಗಳಿಗೆ ಬಂದರೆ ಬಾಗಿಲು ಅರ್ಧ ಮುಚ್ಚಿರುತ್ತದೆ. ಅದಕ್ಕೇ ನಮಗೆ ಕ್ಲಾಸಿನಲ್ಲಿ ಮೊದಲು ಕಲಿಸಿದ್ದು: ಕಾಯ್ದೆಯ ಹೆಸರು ನೋಡಿ ನಂಬಬೇಡಿ, ಕಲಂ ಓದಿ.

ಹಾಗಾದರೆ ಆ ಕಿಂಡಿ ಮುಚ್ಚಿದ್ದು ಯಾವಾಗ? 1974ರ ಮಾರ್ಚ್ 1ಕ್ಕೆ ಜಾರಿಯಾದ ತಿದ್ದುಪಡಿಯಲ್ಲಿ. ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ, ಗೇಣಿಗೆ ಕೊಟ್ಟಿದ್ದ ಭೂಮಿಯೆಲ್ಲ ಆ ದಿನಕ್ಕೆ ಸರ್ಕಾರಕ್ಕೆ ಸೇರಿತು. ಆಮೇಲೆ ಅದು ಉಳುವವನಿಗೆ. ನಿಮ್ಮ ಮನೆಯ ಹಿರಿಯರು 'ಡಿಕ್ಲರೇಶನ್ ಹಾಕಿದ್ವಿ' ಅಂತಾರಲ್ಲ, ಆ ನಮೂನೆ 7ರ ಅರ್ಜಿ ಶುರುವಾದದ್ದು ಆಗ.

1961ರಲ್ಲಿ ಆಗದ್ದು 1974ರಲ್ಲಿ ಯಾಕೆ ಆಯಿತು? ಈಗ ಮತ್ತೆ ರಾಜಕೀಯ ಇತಿಹಾಸಕ್ಕೆ ಬರಬೇಕು. 1969ರಲ್ಲಿ ಕಾಂಗ್ರೆಸ್ ಒಡೆಯಿತು. ರಾಜ್ಯದಲ್ಲಿ ಪಕ್ಷವನ್ನೂ ಸರ್ಕಾರವನ್ನೂ ಹಿಡಿದಿದ್ದ ದೊಡ್ಡ ಜಮೀನುದಾರ ನಾಯಕರು ಬಹುಪಾಲು ಒಂದು ಕಡೆ ಉಳಿದರು. 1972ರಲ್ಲಿ ಮುಖ್ಯಮಂತ್ರಿಯಾದ ದೇವರಾಜ ಅರಸು ಅವರಿಗೆ ತಮ್ಮದೇ ಬೆಂಬಲದ ನೆಲೆ ಬೇಕಿತ್ತು. ಅದೇ ವರ್ಷ ಹಿಂದುಳಿದ ವರ್ಗಗಳಿಗಾಗಿ ಹಾವನೂರು ಆಯೋಗ ನೇಮಕವಾಯಿತು. ಎರಡು ವರ್ಷಕ್ಕೆ ಭೂ ಸುಧಾರಣೆಯ ತಿದ್ದುಪಡಿ ಬಂತು. 'ಅರಸು ಒಳ್ಳೆಯವರು, ಅದಕ್ಕೆ ಕೊಟ್ಟರು' ಅನ್ನೋದು ಒಂದು ಕಥೆ. 'ವೋಟಿಗಾಗಿ ಕೊಟ್ಟರು' ಅನ್ನೋದು ಇನ್ನೊಂದು ಕಥೆ. ಇತಿಹಾಸ ಓದುವವರು ಈ ಎರಡಕ್ಕೂ ನಿಲ್ಲಲ್ಲ. ಇಚ್ಛೆ, ಅಗತ್ಯ, ಅವಕಾಶ ಮೂರೂ ಒಂದೇ ಹೊತ್ತಿಗೆ ಹೇಗೆ ಕೂಡಿದವು ಅಂತ ನೋಡ್ತಾರೆ. ಇಂಥ ಕೆಲಸಕ್ಕೆ ಒಂದು ಮಾದರಿ ಜೇಮ್ಸ್ ಮ್ಯಾನರ್ ಅವರ ಪುಸ್ತಕ. 1917ರಿಂದ 1955ರವರೆಗೆ ಮೈಸೂರಿನ ರಾಜಕೀಯ ಹೇಗೆ ಬದಲಾಯಿತು ಅನ್ನೋದು ಅದರ ವಸ್ತು. 1977ರಲ್ಲಿ ಬಂದ ಆ ಪುಸ್ತಕವನ್ನು ಈಗಲೂ ಓದ್ತಾರೆ.

ಅಜ್ಜನ ಕಡತ

ಈಗ ನನ್ನ ಮನೆಯ ಮಾತಿಗೆ ಬರ್ತೀನಿ. ನನ್ನ ತಾಯಿಯ ತವರು ಇಲ್ಲಿಂದ ದೂರ ಇಲ್ಲ. ಅಜ್ಜ ಗೇಣಿಗೆ ಮಾಡುತ್ತಿದ್ದ ನಾಲ್ಕು ಎಕರೆ ಹೊಲ ನಮೂನೆ 7 ಹಾಕಿದ ಮೇಲೆ ಅವರ ಹೆಸರಿಗಾಯಿತು. ಆ ಹೊಲದ ದುಡಿಮೆಯಲ್ಲೇ ಅಮ್ಮ ಓದಿದರು, ನಾನೂ ಓದಿದೆ. ನಮ್ಮ ಮನೆಯಲ್ಲಿ ಅರಸು ಅವರ ಫೋಟೊ ದೇವರ ಗೂಡಿನ ಪಕ್ಕದಲ್ಲೇ ಇತ್ತು. ಎಂ.ಎ. ಎರಡನೇ ವರ್ಷದ ಪ್ರಬಂಧಕ್ಕೆ ಇದನ್ನೇ ವಿಷಯ ಮಾಡಿಕೊಂಡೆ. ಸುಲಭ ಅಂದುಕೊಂಡಿದ್ದೆ. ಕಥೆ ಮನೆಯಲ್ಲೇ ಇತ್ತಲ್ಲ.

ಊರಿಗೆ ಹೋಗಿ ಹಿರಿಯರನ್ನು ಮಾತಾಡಿಸುವಾಗ, ನಮ್ಮ ಹೊಲದಲ್ಲಿ ಬಹಳ ವರ್ಷ ಕೂಲಿ ಮಾಡಿದ ಒಬ್ಬ ಅಜ್ಜಿ ಸಿಕ್ಕರು. ನನ್ನ ಮಾತೆಲ್ಲ ಕೇಳಿಸಿಕೊಂಡು ಹೇಳಿದರು: "ನಿಮ್ಮ ಅಜ್ಜಗ ಹೊಲ ಬಂತವ್ವ, ಚಲೋ ಆತು. ಆ ಹೊಲದಾಗ ಕಳೆ ತೆಗೆದಾಕಿ ನಾನು. ನನ್ನ ಹೆಸರು ಯಾವ ಕಾಗದದಾಗ ಐತಿ, ಹೇಳು?"

ನನಗೆ ಉತ್ತರ ಬರಲಿಲ್ಲ. ಹುಡುಕೋಕೆ ಕೂತೆ. ಕಾಯ್ದೆಯ ಪ್ರಕಾರ ಭೂಮಿಯ ಹಕ್ಕು ಗೇಣಿದಾರನಿಗೆ, ಕೂಲಿಗೆ ಅಲ್ಲ. ಕೂಲಿಕಾರರು ಬೇರೆಯವರ ಜಮೀನಿನಲ್ಲಿ ಮನೆ ಕಟ್ಟಿಕೊಂಡಿದ್ದರೆ ಆ ಮನೆಯ ಜಾಗಕ್ಕೆ ಬೇರೆ ಕಲಂ ಇತ್ತು. ಮಿತಿ ಮೀರಿದ ಭೂಮಿಯನ್ನು ಭೂಮಿ ಇಲ್ಲದವರಿಗೆ ಹಂಚೋ ಅವಕಾಶವೂ ಇತ್ತು, ಆದರೆ ಹಾಗೆ ಸಿಕ್ಕ ಭೂಮಿ ಕಡಿಮೆ. ರಾಜ್ಯದಲ್ಲಿ ಸುಮಾರು ಎಂಟು ಲಕ್ಷ ಅರ್ಜಿಗಳು ಬಂದವು ಅಂತ ನಾವು ಹೆಮ್ಮೆಯಿಂದ ಹೇಳ್ತೀವಿ. ಅರ್ಜಿ ಹಾಕುವ ಹಕ್ಕೇ ಇಲ್ಲದವರು ಆ ಲೆಕ್ಕದಲ್ಲಿ ಬರೋದೇ ಇಲ್ಲ.

ಆಮೇಲೆ ಭೂ ನ್ಯಾಯಮಂಡಳಿಯ ಹಳೆಯ ಕಡತ ನೋಡಲು ಅನುಮತಿ ಸಿಕ್ಕಿತು. ಈ ನ್ಯಾಯಮಂಡಳಿ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. ಉಪವಿಭಾಗಾಧಿಕಾರಿ ಅಧ್ಯಕ್ಷರು. ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಬೇಕು. ವಕೀಲರಿಗೆ ಪ್ರವೇಶ ಇಲ್ಲ. ದುಡ್ಡಿದ್ದವರು ವಕೀಲರನ್ನು ಇಟ್ಟು ಗೆಲ್ಲಬಾರದು ಅನ್ನೋದು ಅದರ ಹಿಂದಿನ ಯೋಚನೆ. ಆ ನಿಷೇಧವನ್ನು ಸುಪ್ರೀಂ ಕೋರ್ಟ್ 1987ರಲ್ಲಿ ತೆಗೆದುಹಾಕಿತು. ಬಹಳ ಕಡೆ ಗೇಣಿ ಬರೀ ಬಾಯಿಮಾತಿನದು. ರಸೀದಿ ಇಲ್ಲ, ಪಹಣಿಯಲ್ಲಿ ಹೆಸರು ಇಲ್ಲ. ಹಾಗಿದ್ದಾಗ ಸಾಕ್ಷಿಯೇ ಆಧಾರ.

ಅಜ್ಜನ ಕಡತದಲ್ಲಿ ಎರಡು ಸಾಕ್ಷಿ ಹೇಳಿಕೆ ಇದ್ದವು. ಎರಡನೆಯದರ ಸಾರ ಇಷ್ಟು: ನಾನು ಈ ಹೊಲದಲ್ಲಿ ಕೂಲಿ ಮಾಡುತ್ತೇನೆ, ಸಾಗುವಳಿ ಮಾಡುವವರು ಅರ್ಜಿದಾರರೇ, ಕೂಲಿ ಕೊಡುವವರೂ ಅವರೇ. ಕೆಳಗೆ ಒಂದು ಹೆಬ್ಬೆಟ್ಟಿನ ಗುರುತು. ಹೆಸರು ನೋಡಿದರೆ ಆ ಅಜ್ಜಿಯ ಗಂಡನದು.

ಅಂದರೆ, ನಮ್ಮ ಅಜ್ಜನಿಗೆ ಹೊಲ ಸಿಕ್ಕಿದ್ದರಲ್ಲಿ ಆ ಕೂಲಿಯವರ ಮಾತು ಇತ್ತು. ಅವರಿಗೆ ಏನೂ ಸಿಗಲಿಲ್ಲ. ಇದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದವರು ಹೇಳಿರಲಿಲ್ಲ. ನಾನು ವಾಪಸ್ ಹೋಗಿ ಆ ಅಜ್ಜಿಗೆ ಹೇಳಿದೆ. ಅವರು, "ಹೌದು, ಒಂದಿನ ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಹೋಗಿದ್ದ, ಯಾಕ ಅಂತ ನಾ ಕೇಳಿದ್ದಿಲ್ಲ" ಅಂದರು. ಆಮೇಲೆ ನನಗೆ ಚಹಾ ಕೊಟ್ಟರು. ನಾನು ಬಹಳ ಹೊತ್ತು ಅಲ್ಲೇ ಕೂತಿದ್ದೆ.

ಭೂ ಸುಧಾರಣೆ ಸುಳ್ಳು ಅಂತ ನಾನು ಹೇಳ್ತಿಲ್ಲ. ಅದು ಆಗದೇ ಇದ್ದಿದ್ದರೆ ನಾನು ಈ ಮೈಕ್ ಮುಂದೆ ಇರುತ್ತಿರಲಿಲ್ಲ. ಆದರೆ ಒಂದು ನೀತಿಯ ಬಗ್ಗೆ 'ಯಾರಿಗೆ ಸಿಕ್ಕಿತು' ಅಂತ ಕೇಳಿ ನಿಲ್ಲಬಾರದು, 'ಯಾರು ಅರ್ಜಿ ಹಾಕೋಕೂ ಆಗಲಿಲ್ಲ' ಅಂತಲೂ ಕೇಳಬೇಕು ಅನ್ನೋದನ್ನು ಆ ಕಡತ ನನಗೆ ಕಲಿಸಿತು. ಅರ್ಜಿಯ ಕೊನೆಯ ದಿನವನ್ನು ಮುಂದೂಡುತ್ತಾ 1979ರ ಜೂನ್ 30ರವರೆಗೆ ತಂದರು. ತಪ್ಪಿಹೋದ ಗೇಣಿದಾರರಿಗಾಗಿ ಮುಂದೆ 7ಎ ಅನ್ನೋ ನಮೂನೆಯೂ ಬಂತು. ಕೂಲಿಯವರಿಗೆ ಹೊಲದ ಹಕ್ಕು ಕೇಳೋಕೆ ಅಂಥ ಯಾವ ನಮೂನೆಯೂ ಇರಲಿಲ್ಲ.

ಒಂದೇ ಬಸ್ಸು, ಎರಡು ಸರ್ಟಿಫಿಕೇಟು

ಇದೆಲ್ಲ ಹಳೇ ಕಥೆ ಅನ್ನಿಸಬಹುದು. ನಿಮ್ಮ ಮಗಳ ವಯಸ್ಸಿನವರಿಗೆ ಇವತ್ತೇ ತಟ್ಟುವ ಒಂದು ಉದಾಹರಣೆ ಕೊಡ್ತೀನಿ.

ಹರಿಹರಕ್ಕೆ ಉತ್ತರದಲ್ಲಿರೋ ಹರಪನಹಳ್ಳಿ ತಾಲ್ಲೂಕು ಮೊದಲು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಹುಟ್ಟಿದ ದಿನವೇ, ಬಳ್ಳಾರಿಯ ಕನ್ನಡ ತಾಲ್ಲೂಕುಗಳ ಜೊತೆ ಮೈಸೂರಿಗೆ ಸೇರಿತು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ದಾವಣಗೆರೆ ಜಿಲ್ಲೆ ಮಾಡಿದಾಗ ಹರಪನಹಳ್ಳಿಯನ್ನು ಇಲ್ಲಿಗೆ ಸೇರಿಸಿತು. ದಾವಣಗೆರೆ ಹತ್ತಿರ, ಓಡಾಟ ಸುಲಭ.

ಹದಿನಾರು ವರ್ಷ ಕಳೆಯಿತು. ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ ವಿಶೇಷ ಸ್ಥಾನ ಸಿಕ್ಕಿತು. ಆ ಭಾಗದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಸ್ಥಳೀಯರಿಗೆ ಶೇ 70 ಸೀಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ಸರ್ಕಾರಿ ನೌಕರಿಯಲ್ಲೂ ಮೀಸಲು. ಬಳ್ಳಾರಿ 1956ರಲ್ಲಿ ಹೈದರಾಬಾದ್ ರಾಜ್ಯದಿಂದ ಬಂದದ್ದಲ್ಲ, ಆದರೂ ಪಟ್ಟಿಯಲ್ಲಿ ಬಂತು. ಹರಪನಹಳ್ಳಿ ಆಗ ದಾವಣಗೆರೆ ಜಿಲ್ಲೆಯಲ್ಲಿತ್ತು, ಅದಕ್ಕೆ ಹೊರಗೆ ಉಳಿಯಿತು. ಜನ ಬೀದಿಗಿಳಿದರು. 2018ರಲ್ಲಿ ತಾಲ್ಲೂಕನ್ನು ಮತ್ತೆ ಬಳ್ಳಾರಿಗೆ ಸೇರಿಸಿದರು. 2021ರಿಂದ ಅದು ವಿಜಯನಗರ ಜಿಲ್ಲೆ.

ದಾವಣಗೆರೆಗೆ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಹರಪನಹಳ್ಳಿಯ ಹುಡುಗಿಯೂ ಹರಿಹರ ತಾಲ್ಲೂಕಿನ ಹುಡುಗಿಯೂ ಅಕ್ಕಪಕ್ಕ ಕೂತಿರಬಹುದು. ಇಬ್ಬರ ಮನೆಯ ಹೊಲವೂ ಒಂದೇ ಥರ, ಅಪ್ಪನ ಸಾಲವೂ ಒಂದೇ ಥರ. ಒಬ್ಬಳ ಬ್ಯಾಗಿನಲ್ಲಿ 371ಜೆ ಸರ್ಟಿಫಿಕೇಟ್ ಇದೆ, ಇನ್ನೊಬ್ಬಳ ಬ್ಯಾಗಿನಲ್ಲಿ ಇಲ್ಲ. ಇದು ಸರಿಯೋ ತಪ್ಪೋ ಅಂತ ಜಗಳ ಆಡೋಕೆ ಯಾರಿಗೆ ಬೇಕಾದರೂ ಬರುತ್ತದೆ. 1953, 1997, 2013, 2018, ಈ ನಾಲ್ಕು ತೀರ್ಮಾನಗಳು ಒಂದರ ಮೇಲೊಂದು ಕೂತು ಈ ಸ್ಥಿತಿ ಬಂತು ಅಂತ ವಿವರಿಸೋಕೆ ಓದಿದವರು ಬೇಕು. 1997ರಲ್ಲಿ ಓಡಾಟದ ಅನುಕೂಲ ನೋಡಿ ಹಾಕಿದ ಗೆರೆ 2013ರಲ್ಲಿ ಮೀಸಲಾತಿಯ ಗೆರೆ ಆಗುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ಮುಂದಿನ ಸಲ ಗೆರೆ ಹಾಕುವವರಿಗೆ ಇದು ನೆನಪಿರಬೇಕು.

ಏನು ಓದ್ತಾರೆ, ಎಲ್ಲಿ ಓದ್ತಾರೆ?

ನಮ್ಮಲ್ಲಿ 'ನೀತಿ ಇತಿಹಾಸ' ಅಂತ ಬೋರ್ಡು ಇರೋ ವಿಭಾಗ ಹುಡುಕಬೇಡಿ. ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರದ ಎಂ.ಎ.ಗಳಲ್ಲಿ ಇದು ಹಂಚಿಹೋಗಿದೆ. ಅಮೆರಿಕದಲ್ಲಿ 1989ರಿಂದ ಇದಕ್ಕೇ ಮೀಸಲಾದ ಸಂಶೋಧನಾ ಪತ್ರಿಕೆ ಬರ್ತಿದೆ. ಬೆಂಗಳೂರಿನಲ್ಲಿ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿ ನೀತಿಗಳ ಬಗ್ಗೆ ಸಂಶೋಧನೆ ನಡೆಯುತ್ತದೆ.

ದಾವಣಗೆರೆ ವಿಶ್ವವಿದ್ಯಾಲಯಕ್ಕೇ ಒಂದು ನೀತಿಯ ಇತಿಹಾಸ ಇದೆ ನೋಡಿ. ತೋಳಹುಣಸೆಯ ಆ ಕ್ಯಾಂಪಸ್ 1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾಯಿತು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯದ ಕೈಗೆ ಬಂತು. 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯ ಆಯಿತು. ನಿಮ್ಮ ಮಗಳು ಮನೆಯಿಂದಲೇ ಓಡಾಡಿ ಎಂ.ಎ. ಮಾಡಬಹುದು ಅನ್ನೋದೇ ಇಂಥ ಮೂರು ತೀರ್ಮಾನಗಳ ಫಲ.

ಓದೋದು ಏನು ಅಂದರೆ, ಪುಸ್ತಕದ ಜೊತೆಗೆ ಮೂಲ ದಾಖಲೆ. ಆಯೋಗದ ವರದಿ, ರಾಜ್ಯಪತ್ರ, ವಿಧಾನಸಭೆಯ ನಡಾವಳಿ, ಹಳೆಯ ಪತ್ರಿಕೆ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು. 1881ರಲ್ಲಿ ದಿವಾನ್ ರಂಗಾಚಾರ್ಲು ಶುರು ಮಾಡಿದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ನಡಾವಳಿಗಳು ಅಚ್ಚಾಗಿವೆ. ಕೆರೆ, ರಸ್ತೆ, ಕಂದಾಯ ಅಂತ ತಾಲ್ಲೂಕುಗಳ ಪ್ರತಿನಿಧಿಗಳು ದಸರಾ ಹೊತ್ತಿಗೆ ಹೋಗಿ ದಿವಾನರ ಮುಂದೆ ದೂರು ಇಡುತ್ತಿದ್ದರು. ಇಂಥವಕ್ಕೆ ಬೆಂಗಳೂರಿನ ರಾಜ್ಯ ಪತ್ರಾಗಾರ ಇದೆ. ಜೊತೆಗೆ ಹಿರಿಯರ ಬಾಯಿಮಾತು. ಕಾಗದ ಹೇಳದ್ದನ್ನು ಬಾಯಿ ಹೇಳುತ್ತದೆ, ಬಾಯಿ ಮರೆತದ್ದನ್ನು ಕಾಗದ ಹೇಳುತ್ತದೆ. ನನ್ನ ಅಜ್ಜನ ಕಡತದಲ್ಲಿ ಆದದ್ದು ಅದೇ.

ವಿಷಯಕ್ಕೆ ಬರ ಇಲ್ಲ. ಹೊಳೆ ತುಂಬಿದಾಗ ಉಕ್ಕಡಗಾತ್ರಿ–ಫತ್ತೇಪುರ ರಸ್ತೆ ಮುಳುಗಿ ಸಂಪರ್ಕ ಕಡಿಯುತ್ತದೆ. ಸುದ್ದಿ ಬರುತ್ತದೆ, ಅಧಿಕಾರಿಗಳು ಬಂದು ನೋಡುತ್ತಾರೆ, ನೀರು ಇಳಿಯುತ್ತದೆ. ಈ ರಸ್ತೆಗೆ ಮೊದಲ ಮನವಿ ಯಾವ ವರ್ಷ ಹೋಯಿತು, ಯಾವ ಮೇಜಿನ ಮೇಲೆ ನಿಂತಿತು ಅಂತ ಹುಡುಕಿದರೆ ಅದೇ ಒಂದು ಪ್ರಬಂಧ. ಭದ್ರಾ ನಾಲೆಯ ಕೊನೆ ಭಾಗಕ್ಕೆ ನೀರು ಬರಲ್ಲ ಅಂತ ನೀವೇ ಎಷ್ಟೋ ಸಲ ರಸ್ತೆ ತಡೆದಿರಬಹುದು. ನೀರು ಬಿಡುವ ನಿಯಮ ಯಾರು, ಯಾವಾಗ ಮಾಡಿದರು ಅನ್ನೋದು ಇನ್ನೊಂದು.

ಕೆಲಸ ಸಿಗುತ್ತದಾ?

ಯಜಮಾನ್ರೆ, ಸುಳ್ಳು ಹೇಳಲ್ಲ. ಎಂ.ಎ. ಮುಗಿಸಿದ ಮರುದಿನ ಕೆಲಸ ಅಂತ ಇಲ್ಲ. ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾಯುವವರು ನನ್ನ ಗೆಳತಿಯರಲ್ಲೇ ಇದ್ದಾರೆ. ಕೆಎಎಸ್, ಐಎಎಸ್ ಪರೀಕ್ಷೆಗೆ ಈ ಓದು ನೆರವಾಗುತ್ತದೆ. ಪತ್ರಿಕೆ, ಸಂಶೋಧನಾ ಸಂಸ್ಥೆ, ಪಂಚಾಯಿತಿಗಳ ಜೊತೆ ಕೆಲಸ ಮಾಡುವ ಸಂಘಟನೆ, ಇಲ್ಲೆಲ್ಲ ಕಡತ ಓದಿ ಸರಳವಾಗಿ ಬರೆಯಬಲ್ಲವರನ್ನು ಹುಡುಕ್ತಾರೆ. ಅಷ್ಟು ಭರವಸೆ ಕೊಡಬಲ್ಲೆ.

ನಿಮ್ಮ ಮಗಳಿಗೆ ನನ್ನ ಕಡೆಯಿಂದ ಒಂದು ಕೆಲಸ ಹೇಳಿ. ಅರ್ಜಿ ತುಂಬೋಕೆ ಮೊದಲು ನಿಮ್ಮ ಮನೆಯ ಪಹಣಿ ತಗೊಂಡು ಕೂರಲಿ. ಈ ಹೊಲ ಯಾರಿಂದ, ಯಾವ ವರ್ಷ, ಯಾವ ಕಾನೂನಿನಲ್ಲಿ ನಮಗೆ ಬಂತು ಅಂತ ಬರೆಯಲಿ. ಆಮೇಲೆ ಆ ಹೊಲದಲ್ಲಿ ದುಡಿದ ಯಾರ ಹೆಸರು ಆ ಕಾಗದದಲ್ಲಿ ಇಲ್ಲ ಅಂತ ನಿಮ್ಮನ್ನೇ ಕೇಳಲಿ. ಆ ಸಂಜೆ ಅವಳಿಗೆ ಇನ್ನೂ ಹುಡುಕಬೇಕು ಅನ್ನಿಸಿದರೆ, ಎಂ.ಎ.ಗೆ ಸೇರಿಸಿ.

ಅವಳು ಏನು ಬರೆದಳು ಅಂತ ನನಗೂ ಒಂದು ವಾಯ್ಸ್ ಮೆಸೇಜ್ ಹಾಕಿ. ಮುಂದಿನ ವಾರ ಸಿಗೋಣ. ನಮಸ್ಕಾರ.